ವಕೀಲಿ ಓದು: ಐದು ವರ್ಷವೋ, ಆರು ವರ್ಷವೋ?

ಮಾಲಗಾಂವದ ಕೇಳುಗರೇ, ಹನ್ನೆರಡನೆಯ ಇಯತ್ತೆ ಮುಗಿಸಿದ ಮಗಳು ವಕೀಲಳಾಗುತ್ತೇನೆ ಎನ್ನುತ್ತಿದ್ದಾಳೆಯೇ? ದಾರಿ ಎರಡು. ಬಿ.ಎ., ಎಲ್‌ಎಲ್.ಬಿ. ಕೂಡಿಸಿ ಓದಿದರೆ 5 ವರ್ಷ. ಮೊದಲು 3 ವರ್ಷದ ಪದವಿ, ಆಮೇಲೆ 3 ವರ್ಷದ ಎಲ್‌ಎಲ್.ಬಿ. ಎಂದರೆ 6 ವರ್ಷ. ಮಹಾರಾಷ್ಟ್ರದಲ್ಲಿ ಎರಡಕ್ಕೂ ಸಿಇಟಿ ಉಂಟು. ಸಿಗುವ ಸನದು ಒಂದೇ. 2010ರಿಂದ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಒಂದೇ.

ಹಾಗಾದರೆ ಒಂದು ವರ್ಷದ ಖರ್ಚು ಉಳಿಯಿತಲ್ಲ ಎನ್ನುವಿರಿ. ತುಸು ತಡೆಯಿರಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ, ಜೋಡಿ ಪದವಿಯನ್ನು ನಡುವೆ ಬಿಟ್ಟವರಿಗೆ ಬರೀ ಬಿ.ಎ. ಒಡೆದು ಕೊಡುವುದಿಲ್ಲ. ಮಗಳ ಮನಸ್ಸೂ ಮನೆಯ ಹಣವೂ ಗಟ್ಟಿಯಿದ್ದರೆ ಐದು ವರ್ಷದ್ದಿರಲಿ. ನಡುವೆ ಫೀಸಿನ ಅಡಚಣೆ, ಮದುವೆಯ ಮಾತು ಬರುವಂತಿದ್ದರೆ ಮೊದಲು ಪದವಿ ಕೈಗೆ ಬರಲಿ. ಏನೇ ಇರಲಿ, ಅವಳನ್ನು ಕೇಳಿಯೇ ಫಾರ್ಮು ತುಂಬಿರಿ.