ಕಣ್ಣು ಕಾಣದಿದ್ದರೂ ರಿಮೋಟ್ ಬಳಸಬಹುದು: 5ರ ಮೇಲಿನ ಉಬ್ಬು ಗಮನಿಸಿದ್ದೀರಾ?

ಅಜ್ಜಿ ತಪ್ಪಿ ‘ಸೋರ್ಸ್’ ಬಟನ್ ಒತ್ತಿದರೆ ಸಾಕು, ಪರದೆ ಮೇಲೆ ‘ನೋ ಸಿಗ್ನಲ್’. ಮೊಮ್ಮಗ ಶಾಲೆಯಿಂದ ಬರೋವರೆಗೂ ಧಾರಾವಾಹಿ ಇಲ್ಲ, ವಾರ್ತೆಯೂ ಇಲ್ಲ. ಕಣ್ಣು ಮಂಜಾದವರು, ದೃಷ್ಟಿ ಇಲ್ಲದವರು ಇರುವ ಮನೆಗಳಲ್ಲಿ ಇದು ಮಾಮೂಲಿ.

ನಂಬರ್ ಬಟನ್ ಇರುವ ಬಹುತೇಕ ರಿಮೋಟ್‌ಗಳಲ್ಲಿ 5ರ ಮೇಲೆ ಸಣ್ಣ ಉಬ್ಬು ಇರುತ್ತದೆ. ಬೆರಳಿಗೆ ಅದು ಸಿಕ್ಕರೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. ನೋಡದೆಯೇ ಚಾನೆಲ್ ನಂಬರ್ ಒತ್ತಬಹುದು.

‘ಸೋರ್ಸ್’ ಬಟನ್ ಮೇಲೆ ಉಪ್ಪು ಕಾಗದದ ಚೂರು ಅಂಟಿಸಿ; ಒರಟು ತಾಗಿದರೆ ಬೆರಳು ಎಚ್ಚರವಾಗುತ್ತದೆ. ಸೆಟ್‌ಟಾಪ್ ಬಾಕ್ಸ್ ರಿಮೋಟ್‌ಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಎರಡು ರಿಮೋಟ್ ಅದಲುಬದಲಾಗೋದಿಲ್ಲ.

ಆಂಡ್ರಾಯ್ಡ್ ಟಿವಿಯಾದರೆ ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಯಲ್ಲಿ ‘ಟಾಕ್‌ಬ್ಯಾಕ್’ ಆನ್ ಮಾಡಿ. ಮೆನುವಿನಲ್ಲಿ ಎಲ್ಲಿದ್ದೀರಿ ಅಂತ ಟಿವಿಯೇ ಓದಿ ಹೇಳುತ್ತದೆ.