ಬಾಯೊಳಗಿನ ಕೊಬ್ಬಿನ ಗಂಟು

ಊಟವಾದ ಮೇಲೆ ವೀಳ್ಯ ಮೆಲ್ಲುವುದು ಮೈಸೂರಿನ ಅನೇಕ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಹಾಗೆ ಮೆಲ್ಲುವಾಗ ಕೆನ್ನೆಯ ಒಳಮೈಯಲ್ಲಿ ಮೆತ್ತನೆಯ ಗಂಟೊಂದು ನಾಲಗೆಗೆ ತಾಕಿತೆಂದರೆ, ಮನಸ್ಸು ಒಡನೆಯೇ ಕ್ಯಾನ್ಸರಿನ ಕಡೆಗೆ ಹರಿಯುತ್ತದೆ. ಕೆಲವರು ಭಯದಿಂದ ನಿದ್ದೆಗೆಡುತ್ತಾರೆ. ಮತ್ತೆ ಕೆಲವರು ನೋವಿಲ್ಲವಲ್ಲ ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಇವೆರಡೂ ಸರಿಯಲ್ಲ.

ಇಂತಹ ಗಂಟುಗಳಲ್ಲಿ ಒಂದು ಬಗೆಯದು ಲಿಪೋಮ, ಎಂದರೆ ಕೊಬ್ಬಿನ ಗಂಟು. ಸಹಜವಾದ ಕೊಬ್ಬಿನ ಜೀವಕೋಶಗಳೇ ಒಂದೆಡೆ ಗುಂಪಾಗಿ, ತೆಳುವಾದ ಪೊರೆಯೊಳಗೆ ನಿಧಾನವಾಗಿ ಬೆಳೆಯುತ್ತವೆ. ಬೆನ್ನು, ಹೆಗಲು, ಕತ್ತುಗಳಲ್ಲಿ ಇದು ಸಾಮಾನ್ಯ, ಬಾಯಿಯಲ್ಲಿ ಅಪರೂಪ. ಬಾಯಿಯಲ್ಲಿ ಇದು ಹೆಚ್ಚಾಗಿ ಕೆನ್ನೆಯ ಒಳಭಾಗದಲ್ಲಿಯೂ, ಕೆಲವೊಮ್ಮೆ ನಾಲಗೆ ಅಥವಾ ತುಟಿಯಲ್ಲಿಯೂ, ಬಹುಮಟ್ಟಿಗೆ 40 ವರ್ಷ ದಾಟಿದವರಲ್ಲಿ ಕಾಣಿಸುತ್ತದೆ. ತೆಳುವಾದ ಒಳಚರ್ಮದ ಮೂಲಕ ಹಳದಿ ಛಾಯೆ ತೋರುವುದುಂಟು. 1848ರಲ್ಲಿ ರೂ ಎಂಬ ವೈದ್ಯರು ಇದನ್ನು ವರ್ಣಿಸುವಾಗ ಹಳದಿ ಗಂಟೆಂದೇ ಕರೆದರು. ವಿಚಿತ್ರವೆಂದರೆ, ಉಪವಾಸದಿಂದ ಮೈ ಇಳಿದರೂ ಈ ಗಂಟು ಕರಗದು. ಲೇಪಕ್ಕಾಗಲಿ ಕಷಾಯಕ್ಕಾಗಲಿ ಬಗ್ಗದು.

ಆದುದರಿಂದ ಶಸ್ತ್ರಚಿಕಿತ್ಸೆಯೇ ಪರಿಹಾರ. ಗಂಟು ಚಿಕ್ಕದಾಗಿದ್ದರೆ, ಆ ಭಾಗವನ್ನು ಮಾತ್ರ ಜೋಮುಗೊಳಿಸುವ ಸೂಜಿಮದ್ದು ಸಾಕು. ವೈದ್ಯರು ಒಳಚರ್ಮವನ್ನು ಸೀಳಿ, ಗಂಟನ್ನು ಸುತ್ತಲಿನ ಮಾಂಸದಿಂದ ಮೆಲ್ಲನೆ ಬಿಡಿಸಿ, ಪೊರೆಸಹಿತ ಹೊರತೆಗೆದು ಹೊಲಿಗೆ ಹಾಕುತ್ತಾರೆ. ಕೆನ್ನೆಯಲ್ಲಾದರೆ ಜೊಲ್ಲಿನ ನಾಳಕ್ಕೂ ಮುಖದ ನರದ ಕವಲುಗಳಿಗೂ ಗಾಯವಾಗದಂತೆ ಎಚ್ಚರ ವಹಿಸಬೇಕಾಗುತ್ತದೆ. ಬಳಿಕ ಕೆಲವು ದಿನ ಮೆದುವಾದ ಆಹಾರ. ಪೂರ್ಣವಾಗಿ ತೆಗೆದ ಗಂಟು ಮರಳಿ ಬೆಳೆಯುವುದು ವಿರಳ.

ತೆಗೆದ ಗಂಟನ್ನು ಫಾರ್ಮಲಿನ್ ದ್ರವದಲ್ಲಿ ಹಾಕಿದರೆ ಕೊಬ್ಬಾದುದರಿಂದ ಸಾಮಾನ್ಯವಾಗಿ ಅದು ತೇಲುತ್ತದೆ. ಆದರೆ ತೇಲಿದ ಮಾತ್ರಕ್ಕೆ ನಿರ್ಣಯವಾಯಿತೆನ್ನಲಾಗದು. ಕೊಬ್ಬಿನಲ್ಲಿಯೇ ಹುಟ್ಟುವ ಅಪರೂಪದ ಕ್ಯಾನ್ಸರೂ ಉಂಟು. ಅದನ್ನು ಬೇರ್ಪಡಿಸಿ ಹೇಳಬಲ್ಲದ್ದು ಸೂಕ್ಷ್ಮದರ್ಶಕದ ಪರೀಕ್ಷೆಯೇ. 1986ರಲ್ಲಿ ಸ್ಥಾಪಿತವಾದ ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜಿನಂತಹ ಬೋಧನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಪರೀಕ್ಷೆಗಳೆರಡಕ್ಕೂ ವಿಭಾಗಗಳಿವೆ.

ಈ ಗಂಟಿಗೆ ವೀಳ್ಯವೇ ಕಾರಣವೆನ್ನಲು ಆಧಾರವಿಲ್ಲ. ಆದರೆ ಅಡಿಕೆ, ಹೊಗೆಸೊಪ್ಪುಗಳು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮೆತ್ತಗಿದೆ, ನೋವಿಲ್ಲ ಎಂದು ಮನೆಯವರೇ ತೀರ್ಮಾನಿಸದೆ ಒಮ್ಮೆ ವೈದ್ಯರಿಗೆ ತೋರಿಸಿರಿ; ಗಂಟು ತೆಗೆಸಿದ ಮೇಲೆ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಲು ಮರೆಯದಿರಿ.