ಮನೆಯೊಳಗೆ ನಿಂತ ಹೊಗೆವಾಸನೆ ಮತ್ತು ಅದರ ನಿವಾರಣೆ

ಮಳೆಗಾಲದಲ್ಲಿ ಹಳ್ಳಿಯ ಹಳೆಯ ಮನೆಯನ್ನು ಹೊರಗಿನವರು ಹೊಕ್ಕೊಡನೆ ಒಂದು ವಿಧವಾದ ಕಮಟು ಹೊಗೆವಾಸನೆಯು ಅವರ ಮೂಗಿಗೆ ತಟ್ಟುವುದು. ಮನೆಯವರಿಗೆ ಅದು ತಿಳಿಯದು. ನಿತ್ಯವೂ ಅದರಲ್ಲಿಯೇ ಇರುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಮೈಸೂರು ನಗರದಲ್ಲಿ ಓದುವ ಹುಡುಗನು ರಜೆ ಕಳೆದು ಊರಿನಿಂದ ಹಿಂದಿರುಗಿ ಪೆಟ್ಟಿಗೆಯನ್ನು ತೆರೆದಾಗ, ಬಟ್ಟೆ, ಹೊದಿಕೆ, ತಾಯಿಯು ಕಟ್ಟಿಕೊಟ್ಟ ತುಪ್ಪ ಎಲ್ಲವೂ ಅದೇ ವಾಸನೆಯಿಂದ ಕೂಡಿರುವುದನ್ನು ಕಂಡು ನಾಚಿಕೊಳ್ಳುವುದುಂಟು. ಇದು ನಾಚಿಕೆಯ ಮಾತು ಮಾತ್ರವಾಗಿದ್ದರೆ ಈ ಪತ್ರಿಕೆಯ ಅಗತ್ಯವಿರುತ್ತಿರಲಿಲ್ಲ. ವಾಸನೆಯು ನಿಂತಿರುವ ಮನೆಯಲ್ಲಿ ಹೊಗೆಯೂ ನಿಲ್ಲುತ್ತಿದೆಯೆಂದು ತಿಳಿಯತಕ್ಕದ್ದು. ಆ ಹೊಗೆಯನ್ನು ಹೆಚ್ಚಾಗಿ ಉಸಿರಾಡುವವರು ಮನೆಯ ಹೆಂಗಸರು ಮತ್ತು ಅವರ ಸೆರಗು ಹಿಡಿದು ಒಲೆಯ ಬಳಿಯಲ್ಲಿ ಕುಳಿತಿರುವ ಮಕ್ಕಳು.

ಇದಕ್ಕೆ ಒಂದು ಲೆಕ್ಕವುಂಟು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನೇ ವಿಚಾರಿಸಿ, ತಾವು ಕಂಡುದನ್ನು 2013ರಲ್ಲಿ ಪ್ರಕಟಿಸಿದರು. ಸೌದೆ, ಬೆರಣಿ ಮುಂತಾದುವುಗಳ ಒಲೆಯ ಮುಂದೆ ಒಬ್ಬಳು ದಿನಕ್ಕೆ ಎಷ್ಟು ಗಂಟೆ ಕಳೆಯುವಳೋ ಅದನ್ನು, ಹಾಗೆ ಕಳೆದ ವರುಷಗಳಿಂದ ಗುಣಿಸಬೇಕು. ಬಂದ ಸಂಖ್ಯೆಯು 60ನ್ನು ಮುಟ್ಟಿದ ಮೇಲೆ, ವರುಷಗಟ್ಟಲೆ ಬಿಡದೆ ಕಾಡುವ ಕೆಮ್ಮು ಕಫಗಳ ಶ್ವಾಸನಾಳದ ರೋಗವು ತಗಲುವ ಭಯವು ಗಣನೀಯವಾಗುವುದೆಂದು ಅವರು ತಿಳಿಸಿರುವರು. ದಿನಕ್ಕೆ 3 ಗಂಟೆಯಂತೆ 20 ವರುಷ ಅಡಿಗೆ ಮಾಡಿದರೆ 60 ಆಯಿತು. ದೊಡ್ಡ ಒಟ್ಟುಕುಟುಂಬದಲ್ಲಿ ದಿನಕ್ಕೆ 4 ಗಂಟೆ ಒಲೆಯೂದುವ ಸೊಸೆಗೆ 15 ವರುಷಗಳೇ ಸಾಕು. 18ನೆಯ ವಯಸ್ಸಿನಲ್ಲಿ ಮನೆ ತುಂಬಿದವಳು 33ಕ್ಕೆ ಆ ಗೆರೆಯನ್ನು ಮುಟ್ಟುವಳು. ಕಂದಾಯದ ಲೆಕ್ಕವನ್ನು ಬಾಯಿಪಾಠವಾಗಿ ಹೇಳಬಲ್ಲ ಯಜಮಾನರು ತಮ್ಮ ಮನೆಯ ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡತಕ್ಕದ್ದು.

2016ರಲ್ಲಿ ಉಜ್ವಲ ಯೋಜನೆಯು ಆರಂಭವಾದ ಮೇಲೆ ಅನಿಲದ ಒಲೆಯು ಅನೇಕ ಬಡಮನೆಗಳನ್ನು ಮುಟ್ಟಿದೆ. ಆದರೂ ಮುದ್ದೆಯ ದೊಡ್ಡ ಪಾತ್ರೆ, ದನಗಳಿಗೆ ಬೇಯಿಸುವ ಹುರುಳಿ, ಬಚ್ಚಲಿನ ಹಂಡೆ, ಇವುಗಳಿಗೆ ಸೌದೆಯೇ ನಡೆಯುತ್ತಿರುವ ಮನೆಗಳು ಬಹಳ. ಹಂಡೆಯ ಒಲೆಗೆ ತೆಂಗಿನ ಗರಿ, ಹಸಿಯ ಕಟ್ಟಿಗೆ, ಕೈಗೆ ಸಿಕ್ಕಿದ ಕಸ ಎಲ್ಲವನ್ನೂ ತುರುಕುವ ವಾಡಿಕೆಯಿರುವುದರಿಂದ ಅದರ ಹೊಗೆಯು ಅಡಿಗೆಯ ಒಲೆಯದಕ್ಕಿಂತಲೂ ಕೆಟ್ಟದು.

ಹಿಂದಿನವರ ಮನೆಗಳಲ್ಲಿ ಹೊಗೆಗೆ ದಾರಿಯಿತ್ತು. ನಾಡಹೆಂಚಿನ ಸಂದುಗಳಲ್ಲಿ ಅದು ಹೇಗೋ ಸೋಸಿ ಹೋಗುತ್ತಿತ್ತು. ಮೈಸೂರಿನ ಹಳೆಯ ಅಗ್ರಹಾರಗಳ ತೊಟ್ಟಿಮನೆಗಳಲ್ಲಿ ನಡುವಣ ತೆರೆದ ತೊಟ್ಟಿಯೇ ಹೊಗೆಯನ್ನು ಮೇಲಕ್ಕೆ ಕಳುಹಿಸುತ್ತಿತ್ತು. ತೊಟ್ಟಿಗೆ ತಗಡು ಹೊದಿಸಿ, ಹೆಂಚು ತೆಗೆದು ತಾರಸಿ ಹಾಕಿಸಿ, ಒಲೆಯನ್ನು ಮಾತ್ರ ಮೊದಲಿದ್ದಂತೆಯೇ ಇಟ್ಟುಕೊಂಡರೆ ಹೊಗೆಯು ಎಲ್ಲಿಗೆ ಹೋದೀತು?

ಈ ವಿಷಯದಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅವರ ಬ್ಯಾರನ್ನಿನಲ್ಲಿ ಬೆಂಕಿಯನ್ನು ಗೋಡೆಯ ಹೊರಗಿನಿಂದ ಹಾಕುವರು. ಬಿಸಿಯು ತಗಡಿನ ಕೊಳವೆಯಲ್ಲಿ ನೆಲದ ಮೇಲೆ ಸುತ್ತಿ ಬರುವುದು. ಹೊಗೆಯು ಕೊಳವೆಯೊಳಗೇ ಉಳಿದು ಹೊಗೆಗೂಡಿನಿಂದ ಹೊರಗೆ ಹೋಗುವುದು. ಹೆಸರು ಹೊಗೆಸೊಪ್ಪಾದರೂ ಆ ಸೊಪ್ಪಿಗೆ ಹೊಗೆ ತಾಕಕೂಡದು. ಕೊಳವೆಯ ಕೀಲಿನಲ್ಲಿ ಬಿರುಕು ಬಿಟ್ಟರೆ ಎಲೆಗೆ ಹೊಗೆವಾಸನೆ ಹತ್ತಿ ಕೆಡುವುದೆಂದು ಬೆಂಕಿ ಹಾಕುವ ಮೊದಲೇ ಕೀಲುಗಳನ್ನು ಪರೀಕ್ಷಿಸಿ ಮೆತ್ತುವರು. ಎಲೆಗೆ ಇಷ್ಟು ಉಪಚಾರ ಮಾಡುವ ಅದೇ ಯಜಮಾನರ ಅಡಿಗೆಮನೆಯಲ್ಲಿ ಗವಾಕ್ಷಿಗೆ ಗೋಣಿಚೀಲ ತುರುಕಿರುವುದು ಕಂಡುಬರುವುದು.

ವಾಸನೆಯು ಹೇಗೆ ನಿಲ್ಲುವುದೆಂಬುದನ್ನು ತಿಳಿದರೆ ನಿವಾರಣೆಯು ಸುಲಭ. ಸೌದೆಯು ಪೂರ್ಣವಾಗಿ ಉರಿಯದೆ ಹೋದಾಗ ಅದರಲ್ಲಿನ ಎಣ್ಣೆಯಂತಹ ಅಂಟುಪದಾರ್ಥಗಳು ಆವಿಯಾಗಿ ಮೇಲೆದ್ದು, ತಣ್ಣಗಿರುವ ಗೋಡೆ, ತೊಲೆ, ಹೆಂಚುಗಳನ್ನು ಮುಟ್ಟಿದೊಡನೆ ಜಿಗಟಾಗಿ ಹತ್ತಿಕೊಳ್ಳುವುವು. ಮಸಿಯು ಅದರ ಮೇಲೆ ಕೂಡಿ ಇಲ್ಲಣವಾಗುವುದು. ಮಣ್ಣುಗೋಡೆ, ಮರ, ಅರಳೆ, ಬಟ್ಟೆ ಇವು ಅದನ್ನು ಹೀರಿಕೊಳ್ಳುವುವು. ಹಾಲು, ಬೆಣ್ಣೆ, ತುಪ್ಪಗಳಂತೂ ಬೇಗನೆ ಹೀರುವುವು. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಹಳೆಯ ವಾಸನೆಯೇ ಮತ್ತೆ ಏಳುವುದು.

ಆದಕಾರಣ ಊದುಬತ್ತಿ, ಸಾಂಬ್ರಾಣಿಗಳಿಂದ ಇದು ಹೋಗದು. ಮೈಸೂರಿನ ಊದುಬತ್ತಿಯ ಕೀರ್ತಿಯು ದೊಡ್ಡದು, 2005ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಅದೂ ಒಂದು ಹೊಗೆಯೇ.

ಶುದ್ಧಿಗೆ ಯುಗಾದಿಯ ಮುಂಚಿನ ಬಿಸಿಲುಕಾಲವು ಉತ್ತಮ. ದಸರೆಯ ವೇಳೆಗೆ ಗೋಡೆಗಳಲ್ಲಿ ಮಳೆಯ ತೇವವಿರುವುದು. ಮೊದಲು ಪಾತ್ರೆ, ಬಟ್ಟೆ, ಹಾಸಿಗೆಗಳನ್ನೆಲ್ಲ ಹೊರಗೆ ಹಾಕಿ, ಹಾಸಿಗೆಯನ್ನು ಮೂರು ನಾಲ್ಕು ದಿನ ಬಿಸಿಲಿನಲ್ಲಿ ಮಗುಚಿ ಒಣಗಿಸತಕ್ಕದ್ದು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಇಲ್ಲಣವನ್ನು ಮೇಲಿನಿಂದ ಕೆಳಕ್ಕೆ ಗುಡಿಸಿ ತೆಗೆಯಬೇಕು. ಹೆಂಚು ಕೈಯಾಡಿಸುವ ವರುಷವಾದರೆ ಒಳಮೈಯನ್ನೂ ಉಜ್ಜಿಸಬಹುದು. ತೊಲೆ, ಬಾಗಿಲುಗಳನ್ನು ಬಟ್ಟೆಸೋಡಾ ಕರಗಿಸಿದ ಬಿಸಿನೀರಿನಲ್ಲಿ ಒರೆಸಬೇಕು. ಸೋಡಾ ಇಲ್ಲದಿದ್ದರೆ ಬೂದಿಯ ತಿಳಿನೀರು ಅಥವಾ ಅಂಟುವಾಳದ ನೊರೆಯೂ ಆಗುವುದು. ಜಿಗಟು ಕ್ಷಾರಕ್ಕೆ ಬಿಡುವುದೇ ಹೊರತು ಬರಿಯ ನೀರಿಗೆ ಬಿಡದು. ಮಣ್ಣುಗೋಡೆಯಾದರೆ ಕಪ್ಪಾದ ಮೇಲ್ಪದರವನ್ನು ತೆಳ್ಳಗೆ ಹೆರೆದು ಹೊಸ ಮಣ್ಣಿನಿಂದ ಸಾರಿಸಿ, ಪೂರಾ ಒಣಗಿದ ಮೇಲೆ ಎರಡು ಸಲ ಸುಣ್ಣ ಹೊಡೆಯತಕ್ಕದ್ದು. ಹೆರೆಯದೆ ಸುಣ್ಣ ಹೊಡೆದವರು ಕೆಲವು ದಿನಗಳಲ್ಲಿಯೇ ಕಂದುಕಲೆಯು ಸುಣ್ಣವನ್ನು ತೂರಿ ಬರುವುದನ್ನು ಕಾಣುವರು. ಉಳಿದ ಅಲ್ಪ ವಾಸನೆಗೆ ಮುಚ್ಚಿದ ಕೋಣೆಯಲ್ಲಿ ಒಂದು ಪುಟ್ಟಿ ಒಣ ಇದ್ದಲನ್ನು ಉರಿಸದೆ ಹಾಗೆಯೇ ಇಟ್ಟರೆ ಸ್ವಲ್ಪ ಮಟ್ಟಿಗೆ ಹೀರುವುದು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ಕುಡಿದ ಬೀಜಕ್ಕೆ ಹುಳು ಬೀಳದೆಂದೂ, ಹೊಗೆ ಹೋದರೆ ಬೀಜ ಹೋಯಿತೆಂದೂ ರೈತರು ಹೇಳುವರು. ಮಾತು ಸುಳ್ಳಲ್ಲ, ಬಿಸಿಯೂ ಹೊಗೆಯೂ ಹುಳುವನ್ನು ತಡೆಯುವುವು. ಆದರೆ ಅತಿಯಾದ ಬಿಸಿಯಿಂದ ಮೊಳಕೆಯ ಶಕ್ತಿಯೂ ಕುಂದುವುದು. ರಾಗಿಗೆ ಹುಳುವಿನ ಕಾಟವೇ ಅಪೂರ್ವವಾದುದರಿಂದ ಅದಕ್ಕೆ ಹೊಗೆಯು ಬೇಕಿಲ್ಲ. ಅವರೆ, ತೊಗರಿಯ ಬೀಜಕ್ಕೆ ಕೆಮ್ಮಣ್ಣು ಕಟ್ಟಿ ಚೆನ್ನಾಗಿ ಒಣಗಿಸುವ, ಅಥವಾ ಬೂದಿ ಬೆರೆಸಿ ಬಾಯಿ ಬಿಗಿದ ಪಾತ್ರೆಯಲ್ಲಿಡುವ ಹಳೆಯ ಕ್ರಮಗಳಿವೆ. ಬೀಜವನ್ನು ಉಳಿಸಲು ಸೊಸೆಯ ಶ್ವಾಸಕೋಶವನ್ನು ಅಟ್ಟಕ್ಕೆ ಕಟ್ಟಬೇಕಾಗಿಲ್ಲ.

ಒಲೆಯನ್ನು ಸರಿಪಡಿಸದೆ ಮಾಡಿದ ಶುದ್ಧಿಯು ಒಂದು ಮಳೆಗಾಲಕ್ಕೂ ಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ಅನೇಕ ಯಜಮಾನರು ಬಲ್ಲರು. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಸರಳುತಟ್ಟೆ, ಹಿಂದೆ ಹೊಗೆಕೊಳವೆ, ಇಷ್ಟೇ ಅದರ ಮರ್ಮ. ಹಾಕಿಸಿಕೊಂಡು ಕೈಬಿಟ್ಟವರೂ ಉಂಟು. ಪಾತ್ರೆಯು ಒಲೆಯ ಬಾಯಿಗೆ ಸರಿಯಾಗಿ ಕೂಡದಿದ್ದರೆ ಹೊಗೆಯು ಅಲ್ಲಿಂದಲೇ ಬರುವುದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಒಳಕ್ಕೇ ತಿರುಗುವುದು. ತಿಂಗಳಿಗೊಮ್ಮೆ ಕೊಳವೆಯನ್ನು ಮೇಲಿನಿಂದ ಗುಡಿಸುವುದು ಗಂಡಸರ ಕೆಲಸವೆಂದು ಇಟ್ಟುಕೊಂಡರೆ ಒಲೆಯು ಉಳಿಯುವುದು. ಕೊಳವೆಯ ತುದಿಯು ಚಾವಣಿಯ ನೆತ್ತಿಗಿಂತ 2 ಅಡಿಯಾದರೂ ಮೇಲಿರಬೇಕು. ಹುಲ್ಲಿನ ಚಾವಣಿಯಾದರೆ ಕೊಳವೆಯು ಹುಲ್ಲಿಗೆ ತಾಕದಂತೆ ಸುತ್ತಲೂ ದಪ್ಪವಾಗಿ ಮಣ್ಣು ಕಟ್ಟತಕ್ಕದ್ದು. ಕೊಳವೆ ಹಾಕಿಸಲು ಆಗದವರು ಒಲೆಯ ಮೇಲುಗಡೆ ಒಂದು ಗವಾಕ್ಷಿಯನ್ನೂ, ಎದುರು ಗೋಡೆಯ ಕೆಳಗೆ ಒಂದು ಕಿಟಕಿಯನ್ನೂ ತೆರೆಯಿಸಬೇಕು. ಗಾಳಿಯು ಒಳಕ್ಕೆ ಬಾರದೆ ಹೊಗೆಯು ಹೊರಕ್ಕೆ ಹೋಗದು. ಸೌದೆಯನ್ನು ಸೀಳಿ, ಮಳೆಗೆ ಮುಂಚೆ ಒಣಗಿಸಿ ಒಟ್ಟಿಡುವುದರಿಂದ ಹೊಗೆಯು ಬಹಳ ಕಡಮೆಯಾಗುವುದು.

ಕೆಂಡಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲವೆಂದು ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಮುಚ್ಚುವುದು ಮಾತ್ರ ಎಂದಿಗೂ ಕೂಡದು. ಕೆಂಡದಿಂದ ಹೊರಡುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೆ ಹೋಗಬಹುದು.

ಕೆಲಸವು ಸರಿಯಾಯಿತೇ ಇಲ್ಲವೇ ಎಂದು ನೋಡಲು ಮನೆಯವರ ಮೂಗನ್ನು ನಂಬದೆ, ಒಗೆದ ಬಿಳಿಯ ಬಟ್ಟೆಯೊಂದನ್ನು ಅಡಿಗೆಮನೆಯ ತೊಲೆಗೆ ಎಂಟು ದಿನ ಕಟ್ಟಿಡತಕ್ಕದ್ದು. ಅನಂತರ ಅದನ್ನು ಹೊರಗೆ ತಂದು ಬೇರೆಯ ಮನೆಯವರ ಕೈಗೆ ಕೊಟ್ಟು ಮೂಸಿಸಬೇಕು.